ಬಾಯಿ ಮೊದಲೋ, ಕೈ ಮೊದಲೋ?

ಒಂದು ಪೋಕರ್ ಟೂರ್ನಮೆಂಟಿನ ಮೇಜನ್ನು ಊಹಿಸಿಕೊಳ್ಳಿ. ಎದುರಿನವನು 1,000 ಚಿಪ್ ಕಟ್ಟಿದ್ದಾನೆ. ನೀವು ಬಾಯಲ್ಲಿ "ಕಾಲ್" ಅಂತೀರಿ, ಅಂದರೆ ನಾನೂ ಅಷ್ಟೇ ಹಾಕಿ ಆಟದಲ್ಲಿ ಉಳೀತೀನಿ ಅಂತ. ಆದರೆ ಅದೇ ಕ್ಷಣಕ್ಕೆ ನಿಮ್ಮ ಕೈ 3,000 ಚಿಪ್ ಮುಂದಕ್ಕೆ ತಳ್ಳಿಬಿಡುತ್ತೆ. ಪಕ್ಕದವನೋ ಆತುರಗಾರ, ನಿಮ್ಮದು ಮುಗಿಯೋ ಮೊದಲೇ ತನ್ನ ಆಟ ಹೇಳಿ ಕೂತಿದ್ದಾನೆ. ಈಗ ಯಾವುದು ಲೆಕ್ಕ? ನಿಮ್ಮ ಮಾತೋ, ನಿಮ್ಮ ಕೈಯೋ, ಅವನ ಆತುರವೋ?

ಸಾಫ್ಟ್‌ವೇರ್ ಕೆಲಸದವರಿಗೆ ಇದು ಹಳೇ ತಲೆನೋವು. ಇಬ್ಬರು ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಬರೆಯಲು ಹೊರಟರೆ ಅದನ್ನ ರೇಸ್ ಕಂಡೀಷನ್ ಅಂತೀವಿ. ಅದಕ್ಕೆ ಲಾಕ್ ಹಾಕ್ತೀವಿ, ಟೈಮ್‌ಸ್ಟ್ಯಾಂಪ್ ನೋಡ್ತೀವಿ. ಆದರೆ ಮನುಷ್ಯರು ಕೂತು ಆಡುವ ಮೇಜಿನ ಮೇಲೆ ಟೈಮ್‌ಸ್ಟ್ಯಾಂಪ್ ಎಲ್ಲಿಂದ ತರೋದು? ಆಟಗಳ ಚರಿತ್ರೆ ಅಂದರೆ ಯಾರು ಕಂಡುಹಿಡಿದರು, ಯಾರು ಗೆದ್ದರು ಅನ್ನೋದನ್ನೇ ಓದ್ತೀವಿ. ಜಗಳ ಬಿದ್ದಾಗ ತೀರ್ಪು ಕೊಡುವವರು ಯಾರು ಅನ್ನೋದಕ್ಕೂ ಒಂದು ಚರಿತ್ರೆ ಇದೆ. ಅದು ನಮ್ಮ ಚಾಮರಾಜನಗರದ ಹತ್ತಿರವೂ ಹಾದು ಹೋಗುತ್ತೆ.

ಮೊದಲು ಎಲ್ಲರಿಗೂ ಗೊತ್ತಿರುವ ಜೂಜಿಗೆ ಬರೋಣ. ಸಭಾಪರ್ವದಲ್ಲಿ ಎರಡು ನಿಯಮದ ತಕರಾರುಗಳಿವೆ. ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡೋದು ಸರಿಯಲ್ಲ ಅಂತ ಧರ್ಮರಾಯ ಅಂತಾನೆ, ಆದರೆ ಅಷ್ಟಕ್ಕೇ ಬಿಟ್ಟು ಆಡೋಕೆ ಕೂರ್ತಾನೆ. ಎರಡನೆಯದು ದ್ರೌಪದಿಯ ಪ್ರಶ್ನೆ: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಸರಿಯಾಗಿ ನೋಡಿದರೆ ಇದು ಯಾವ ನಡೆ ಮೊದಲು ಅನ್ನುವ ಪ್ರಶ್ನೆ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣ ಇಡುವ ಹಕ್ಕು ಉಳಿದಿರುತ್ತಾ? ಭೀಷ್ಮ ಧರ್ಮ ಸೂಕ್ಷ್ಮ ಅಂದುಬಿಟ್ಟ. ವಿಕರ್ಣ ಒಬ್ಬ ಎದ್ದು ಮಾತಾಡಿದ, ಅವನ ಬಾಯಿ ಮುಚ್ಚಿಸಿದರು. ಅಷ್ಟು ದೊಡ್ಡ ಸಭೆಯಲ್ಲಿ ತೀರ್ಪು ಕೊಡುವ ಅಧಿಕಾರ ಇದ್ದವರು ಬೇಕಾದಷ್ಟು ಜನ ಇದ್ದರು, ತೀರ್ಪು ಮಾತ್ರ ಬರಲಿಲ್ಲ. ಮುಂದೆ ಏನಾಯ್ತು ಅನ್ನೋದು ಹೇಳಬೇಕಾಗಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. ಚಾಮರಾಜನಗರದ ಹಳೇ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಇದೇ ಮುಮ್ಮಡಿಯವರು ಆಟಗಳ ವಿಷಯದಲ್ಲಿ ದೊಡ್ಡ ಮೇಧಾವಿ. ಚದುರಂಗದಲ್ಲಿ ಒಂದು ಕುದುರೆ ಯಾವ ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆ ಸುತ್ತಿ ಬರುವ ಬಂಧಗಳನ್ನು ರಚಿಸಿದವರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗ ಕೌತುಕನಿಧಿ. ಅದರಲ್ಲಿ 13 ಬಗೆಯ ಗಂಜೀಫಾ ಆಟಗಳ ವಿವರ ಇದೆ. ಕೆಲವಕ್ಕೆ ಎಲೆಗಳ ಸಂಖ್ಯೆ 360ರವರೆಗೂ ಹೋಗುತ್ತೆ! ನಮ್ಮ ಇಸ್ಪೀಟು ಕಟ್ಟಿನಲ್ಲಿ ಇರೋದು ಬರೀ 52 ನೋಡಿ.

ಗಂಜೀಫಾದ ಒಂದು ಜಾಣತನ ನನಗೆ ತುಂಬಾ ಇಷ್ಟ. ದಶಾವತಾರ ಗಂಜೀಫಾದಲ್ಲಿ ಹಗಲಲ್ಲಿ ಆಡಿದರೆ ರಾಮನ ಎಲೆ ಇದ್ದವನು ಮೊದಲು ಇಳೀಬೇಕು, ರಾತ್ರಿ ಆಡಿದರೆ ಕೃಷ್ಣನ ಎಲೆ ಇದ್ದವನು. ಅಂದರೆ "ನಾನು ಮೊದಲು, ನೀನು ಮೊದಲು" ಅನ್ನುವ ಜಗಳವನ್ನು ಆಟಗಾರರ ಕೈಯಿಂದ ಕಿತ್ತು ಸೂರ್ಯನಿಗೆ ಒಪ್ಪಿಸಿದ್ದಾರೆ. ಸೂರ್ಯನ ಜೊತೆ ಯಾರು ವಾದ ಮಾಡ್ತಾರೆ?

1831ರಲ್ಲಿ ಬ್ರಿಟಿಷರು ಮುಮ್ಮಡಿಯವರಿಂದ ರಾಜ್ಯದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ವಾಪಸ್ ಸಿಗಲಿಲ್ಲ. ನಾಡಿಗೆ ಕಾನೂನು ಮಾಡುವ ಅಧಿಕಾರ ಹೋಯ್ತು, ಆಟಕ್ಕೆ ಕಾನೂನು ಬರೆದದ್ದು ಪುಸ್ತಕದಲ್ಲಿ ಉಳೀತು. ಆದರೆ ಅವರ ದೊಡ್ಡ ಗಂಜೀಫಾಗಳು ಜನರ ಜಗಲಿಗೆ ಇಳಿಯಲೇ ಇಲ್ಲ. ಅರಮನೆಯಲ್ಲಿ ಬರೆದ ನಿಯಮ ಎಷ್ಟೇ ಪಕ್ಕಾ ಇದ್ದರೂ, ಆಡುವವರು ತಮ್ಮದು ಅಂದುಕೊಳ್ಳದಿದ್ದರೆ ಅದು ಬರೀ ಪುಸ್ತಕ.

ಜಗಲಿಯ ಕಥೆ ಇದಕ್ಕೆ ಉಲ್ಟಾ. ಚೌಕಾಬಾರಕ್ಕೆ ಪುಸ್ತಕ ಯಾರು ನೋಡ್ತಾರೆ? ಕವಡೆ ಓರೆಯಾಗಿ ಗೋಡೆಗೆ ಒರಗಿಕೊಂಡರೆ ಮತ್ತೆ ಹಾಕಬೇಕಾ? ಸಾಲಾಗಿ ಮೂರು ಸಲ ಗರ ಬಿದ್ದರೆ ಲೆಕ್ಕ ಸುಟ್ಟುಹೋಗುತ್ತಾ? ಒಂದೊಂದು ಮನೆಗೆ ಒಂದೊಂದು ಉತ್ತರ. ಅದರ ಮೇಲೆ ಗುಂಡ್ಲುಪೇಟೆ ಅಂದರೆ ಮೂರು ರಾಜ್ಯದ ದಾರಿ ಕೂಡುವ ಊರು. ಒಂದು ರಸ್ತೆ ಬಂಡೀಪುರ ದಾಟಿ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಮೈಸೂರಿನ ಕಡೆಯ ರಮ್ಮಿ, ಕೇರಳದವರ ಇಪ್ಪತ್ತೆಂಟು, ಎಲ್ಲವೂ ತಮ್ಮ ತಮ್ಮ ಊರಿನ ಪದ್ಧತಿ ಹೊತ್ತುಕೊಂಡು ಬಂದರೆ ಒಂದೇ ಜಮಖಾನದ ಮೇಲೆ ಎರಡು ಕಾನೂನು. ಆಗ ಗತಿ ಒಂದೇ, "ಇರಿ, ದೊಡ್ಡಪ್ಪನ್ನ ಕೇಳೋಣ". ದೊಡ್ಡಪ್ಪ ಹೇಳಿದ್ದಕ್ಕೆ ಅಪೀಲು ಇಲ್ಲ. ಅವರೇ ಆಟಕ್ಕೆ ಕೂತಿದ್ದರೆ ಮಾತ್ರ ಕಷ್ಟ!

ಪೋಕರ್ ಕೂಡ ಬಹಳ ಕಾಲ ಹೀಗೇ ಇತ್ತು, ಒಂದೊಂದು ಕ್ಯಾಸಿನೋಗೆ ಒಂದೊಂದು ಪದ್ಧತಿ. ವರ್ಲ್ಡ್ ಸೀರೀಸ್ ಆಫ್ ಪೋಕರ್ ಶುರುವಾದದ್ದು 1970ರಲ್ಲಿ. ಟೂರ್ನಮೆಂಟ್ ನಡೆಸುವವರೆಲ್ಲ ಸೇರಿ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಕಟ್ಟಿಕೊಂಡು ಸಮಾನ ನಿಯಮ ಬರೆಯೋಕೆ ಹೊರಟದ್ದು 2001ರಲ್ಲಿ. ಜಗಳಗಳನ್ನು ದಿನಾ ಬಿಡಿಸಿದವರೇ ಕೂತು ಬರೆದದ್ದರಿಂದ ಆ ನಿಯಮಗಳಲ್ಲಿ ಅನುಭವದ ವಾಸನೆ ಇದೆ.

ಮೊದಲಿನ ಪ್ರಶ್ನೆಗೆ ಅವರ ಉತ್ತರ ಹೀಗಿದೆ. ಮಾತು, ಚಿಪ್ ಎರಡರಲ್ಲಿ ಯಾವುದು ಮೊದಲೋ ಅದೇ ಲೆಕ್ಕ. ಎರಡೂ ಒಟ್ಟಿಗೇ ಆದರೆ ಸ್ಪಷ್ಟವಾಗಿ ಆಡಿದ ಮಾತಿಗೆ ಮೊದಲ ಮಣೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವರು ಹೇಳಿದ ಹಾಗೇ! ಸರದಿ ತಪ್ಪಿಸಿ ಆಡಿದವನ ಕಥೆ ಇನ್ನೂ ಸ್ವಾರಸ್ಯ. ಆಟ ಸರಿಯಾದ ಆಟಗಾರನಿಗೆ ವಾಪಸ್ ಹೋಗುತ್ತೆ. ಅವನು ಪಣ ಏರಿಸದೆ ಬರೀ ಕಾಲ್ ಮಾಡಿದರೆ ಅಥವಾ ಎಲೆ ಮಡಚಿದರೆ ಆತುರಗಾರನ ಪರಿಸ್ಥಿತಿ ಬದಲಾಗಿಲ್ಲ, ಹಾಗಾಗಿ ಅವನು ಆಡಿದ್ದಕ್ಕೆ ಅವನೇ ಬದ್ಧ. ಪಣ ಏರಿಸಿದರೆ ಮಾತ್ರ ಅವನಿಗೆ ಹೊಸದಾಗಿ ಯೋಚಿಸುವ ಅವಕಾಶ. ಇನ್ನೂ ಒಂದು ಇದೆ: ಮುಂದಿನ ಆಟ ಶುರುವಾಯಿತೋ, ಹಿಂದಿನ ಆಟದ ತಕರಾರಿಗೆ ಬಾಗಿಲು ಮುಚ್ಚಿತು. ಒಬ್ಬರಿಗೆ ಬಂದ ಎಲೆಯನ್ನು ಅವರೊಬ್ಬರೇ ಆಡಬೇಕು ಅನ್ನುವ ನಿಯಮವೂ ಇದೆ. ಹಸ್ತಿನಾಪುರದಲ್ಲಿ ಇದು ಜಾರಿಯಲ್ಲಿದ್ದಿದ್ದರೆ ಶಕುನಿ ಮಾವ ಎದ್ದು ಹೋಗಬೇಕಾಗಿತ್ತು.

ಇಷ್ಟೆಲ್ಲ ಬರೆದವರು ಮೊಟ್ಟಮೊದಲ ನಿಯಮವಾಗಿ ಇಟ್ಟದ್ದೇನು ಗೊತ್ತಾ? ಆಟದ ಹಿತ ಮತ್ತು ನ್ಯಾಯವೇ ಮುಖ್ಯ, ವಿಚಿತ್ರ ಸಂದರ್ಭ ಬಂದರೆ ಬರೆದ ನಿಯಮ ಬಿಟ್ಟು ವಿವೇಕದಿಂದ ತೀರ್ಪು ಕೊಡಬಹುದು ಅಂತ. ಅಂದರೆ ಕೊನೆಗೂ ಒಬ್ಬ ದೊಡ್ಡಪ್ಪ ಬೇಕು. ಆದರೆ ಆ ದೊಡ್ಡಪ್ಪ ಆಟದಲ್ಲಿ ಕೂತಿರಬಾರದು, ಅಷ್ಟೇ.

ಇದೆಲ್ಲ ನಮಗ್ಯಾಕೆ ಅಂತೀರಾ? ನಮ್ಮಲ್ಲಿ ಎಲೆ ಆಟದ ಬಗ್ಗೆ ನಡೆದ ವಾದವೆಲ್ಲ ಇದು ಕೌಶಲವೋ ಅದೃಷ್ಟವೋ ಅನ್ನುವುದರ ಮೇಲೇ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಬಹುಪಾಲು ಕೌಶಲದ ಆಟ, ಮೂರೆಲೆ ಹಾಗಲ್ಲ ಅಂತು. 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಹೋದ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಲೈಸೆನ್ಸ್ ಬೇಡ ಅಂತು. 2021ರಲ್ಲಿ ರಾಜ್ಯ ಸರ್ಕಾರ ಪಣದ ಆಟಗಳ ಮೇಲೆ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು.

ಇದರ ನಡುವೆ ಒಂದು ಹಳೇ ಕಾನೂನು ಸದ್ದಿಲ್ಲದೆ ಕೂತಿದೆ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಂದ್ಯದ ಕರಾರಿಗೆ ಬೆಲೆಯಿಲ್ಲ, ಪಂದ್ಯದಲ್ಲಿ ಗೆದ್ದ ಹಣ ಕೊಡಿಸಿ ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. ತೋಟದ ಮನೆಯಲ್ಲಿ ಕದ್ದುಮುಚ್ಚಿ ಆಡುವ ಅಂದರ್ ಬಾಹರ್‌ನಲ್ಲಿ ಎಲೆ ಯಾವ ಕಡೆ ಬಿತ್ತು ಅಂತ ಜಗಳ ಬಂದರೆ ಕೋರ್ಟೂ ಇಲ್ಲ, ಪೊಲೀಸರನ್ನು ಕರೆಯೋ ಹಾಗೂ ಇಲ್ಲ, ಪಕ್ಕದಲ್ಲಿ ನಿಂತ ದೊಡ್ಡಪ್ಪನೂ ಇಲ್ಲ. ಆಗ ತೀರ್ಪು ಕೊಡೋದು ತೋಳಿನ ಬಲ. ಹಣ ಹೋಗುವುದು ಒಂದು ನಷ್ಟ. ತೀರ್ಪು ಕೇಳಲು ಜಾಗವೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ನಷ್ಟ. ದ್ರೌಪದಿ ಕೇಳಿದ್ದು ಅದನ್ನೇ ಅಲ್ಲವಾ?

ಅಂದ ಹಾಗೆ, ನಿಮ್ಮ ಮನೆಯ ಚೌಕಾಬಾರದಲ್ಲಿ ಕವಡೆ ಓರೆ ಬಿದ್ದರೆ ಏನು ಕಾನೂನು? ಮನೆಯ ಹಿರಿಯರನ್ನು ಕೇಳಿ ಒಂದು ಕಡೆ ಬರೆದಿಡಿ. ಅದನ್ನ ಯಾವ ಅರಮನೆಯೂ ಬರೆದಿಟ್ಟಿಲ್ಲ.