ಪೊರಕೆ ಮೊದಲು, ಪೈಪು ಆಮೇಲೆ: ಕುದುರೆ ಸಾಗಣೆ ವಾಹನಗಳ ಶುಚಿತ್ವ ಮತ್ತು ಜಲಮಾಲಿನ್ಯ

ಮೈಸೂರಿನಿಂದ ಬೆಂಗಳೂರಿಗೆ ರೇಸ್ ಕುದುರೆ ತಂದಿಳಿಸಿದ ಲಾರಿಯ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಅಮೋನಿಯಾ ಘಾಟು. ರಬ್ಬರ್ ಹಾಸಿನ ಮೇಲಿನ ಮರದ ಹೊಟ್ಟು ಮೂತ್ರ ಹೀರಿ ಮುದ್ದೆಯಾಗಿರುತ್ತದೆ. ಗೊರಸಿನಡಿ ಅರೆದ ಲದ್ದಿ ಮೂಲೆಮೂಲೆಗೂ ಮೆತ್ತಿಕೊಂಡಿರುತ್ತದೆ. 500 ಕಿಲೋ ತೂಗುವ ಕುದುರೆ ದಿನಕ್ಕೆ ಲದ್ದಿ, ಮೂತ್ರ ಸೇರಿ 20ರಿಂದ 25 ಕಿಲೋ ಹೊರಹಾಕುತ್ತದೆ. ನಾಲ್ಕು ಗಂಟೆಯ ಪಯಣದಲ್ಲಿ ಬೀಳುವುದು ಅದರ ಸಣ್ಣ ಪಾಲು, ಒಂದು ಬುಟ್ಟಿಯಷ್ಟು. ಆದರೆ ಪೈಪು ಹಿಡಿದು ಅದನ್ನು ಮೋರಿಗೆ ನೂಕಿದರೆ ಬುಟ್ಟಿ ಲದ್ದಿ ನೂರಾರು ಲೀಟರ್ ಕೊಳೆನೀರಾಗುತ್ತದೆ. ರೋಗ ತಡೆಯಬೇಕಾದರೆ ಧಾರಾಳ ನೀರು, ಖಾರವಾದ ಔಷಧ ಬೇಕೇ ಬೇಕು, ಅದರಿಂದ ಕೆರೆ ಕೆಡುವುದು ಅನಿವಾರ್ಯ ಎಂಬ ನಂಬಿಕೆ ಲಾಯಗಳಲ್ಲಿದೆ. ಈ ಲೇಖನ ಅದನ್ನು ಒಪ್ಪುವುದಿಲ್ಲ.

ಮುಖ್ಯ ಪ್ರಶ್ನೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಜೈವಿಕ ಆಮ್ಲಜನಕ ಬೇಡಿಕೆಯ (ನೀರಿನ ಸಾವಯವ ಕೊಳೆಯ ಅಳತೆ) ಮಿತಿ ಕೆರೆ, ಹೊಳೆಗೆ ಬಿಡುವ ನೀರಿಗೆ ಲೀಟರಿಗೆ 30 ಮಿಲಿಗ್ರಾಂ, ನೀರಾವರಿ ಭೂಮಿಗಾದರೆ 100, ಸಾರ್ವಜನಿಕ ಒಳಚರಂಡಿಗೆ 350. ಸಂಸ್ಕರಣಾ ಘಟಕ ಇರುವ ಕಡೆ ಸಡಿಲ, ಇಲ್ಲದ ಕಡೆ ಬಿಗಿ. ಬೆಂಗಳೂರಿನ ವಿನ್ಯಾಸದಲ್ಲಿ ಮಳೆನೀರಿನ ರಾಜಕಾಲುವೆಯೂ ಒಳಚರಂಡಿಯೂ ಬೇರೆ ಬೇರೆ (ಕಾಗದದ ಮೇಲಾದರೂ). ಹಾಗಾಗಿ ರಸ್ತೆ ಬದಿಯ ಮೋರಿಗೆ ಬಿಟ್ಟ ತೊಳೆನೀರು ಯಾವ ಘಟಕವನ್ನೂ ಕಾಣದೆ ಕೆರೆ ಸೇರುತ್ತದೆ.

ಆ ನೀರಿನಲ್ಲಿ ಲದ್ದಿ ಒಂದೇ ಇರುವುದಿಲ್ಲ. ಜಂತುನಾಶಕವಾಗಿ ಕೊಡುವ ಐವರ್‌ಮೆಕ್ಟಿನ್ ಬಹುಪಾಲು ಲದ್ದಿಯಲ್ಲೇ ಹೊರಬರುತ್ತದೆ. ಮೀನಿಗೆ ಆಹಾರವಾಗುವ ಡಾಫ್ನಿಯಾದಂಥ ನೀರುಚಿಗಟಗಳನ್ನು ಅದು ತೀರಾ ಅಲ್ಪ ಪ್ರಮಾಣದಲ್ಲೂ ಕೊಲ್ಲುತ್ತದೆ. ಕ್ವಾಟರ್ನರಿ ಅಮೋನಿಯಂ ಸೋಂಕುನಿವಾರಕಗಳೂ ಜಲಚರಗಳಿಗೆ ವಿಷವೇ. ಇನ್ನು ಬ್ಲೀಚಿಂಗ್ ಪೌಡರ್ ಮೂತ್ರದ ಅಮೋನಿಯಾದೊಡನೆ ಬೆರೆತರೆ ಕ್ಲೋರಮೈನ್ ಅನಿಲ ಏಳುತ್ತದೆ. ಮುಚ್ಚಿದ ಲಾರಿಯೊಳಗೆ ಮೊದಲು ಕೆಮ್ಮುವವನು ತೊಳೆಯುವ ಹುಡುಗ.

ರೋಗದ ಭಯ ಸುಳ್ಳಲ್ಲ. 2007ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆ ಇನ್‌ಫ್ಲುಯೆಂಜಾ ಕಾಣಿಸಿಕೊಂಡು ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಸಾವಿರಾರು ಲಾಯಗಳಿಗೆ ಹಬ್ಬಿತು. ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್, ಸಿಡ್ನಿ ಸಮೀಪದ ಈಸ್ಟರ್ನ್ ಕ್ರೀಕ್ ಕ್ವಾರಂಟೈನ್ ಕೇಂದ್ರದಿಂದ ಸರಿಯಾಗಿ ಶುಚಿಯಾಗದ ಮನುಷ್ಯರ ಅಥವಾ ಸಲಕರಣೆಯ ಮೂಲಕ ವೈರಾಣು ಹೊರಬಿದ್ದಿರಬೇಕೆಂದು ಅಭಿಪ್ರಾಯಪಟ್ಟರು. ಮರುವರ್ಷ ಜಮ್ಮುವಿನ ಕಟ್ರಾದಲ್ಲಿ ಶುರುವಾದ ಸೋಂಕು ನಮ್ಮ ಹಲವು ರಾಜ್ಯಗಳನ್ನು ಮುಟ್ಟಿತು. ಆದರೆ ಈ ವೈರಾಣುವಿನ ಸುತ್ತ ಇರುವುದು ಕೊಬ್ಬಿನ ಪೊರೆ. ಸಾಬೂನು ನೀರಿಗೇ ಅದು ಒಡೆಯುತ್ತದೆ. ಇತ್ತ ಲದ್ದಿ ಉಳಿದಿದ್ದರೆ ಕ್ಲೋರಿನ್ ಅದರ ಜೊತೆಗೇ ವರ್ತಿಸಿ ಸವೆದುಹೋಗುತ್ತದೆ, ರೋಗಾಣುವಿನ ಪಾಲಿಗೆ ಉಳಿಯುವುದು ಅಲ್ಪ. ಎಂದರೆ ಕೊಳೆ ತೆಗೆಯದೆ ಸುರಿದ ಔಷಧ ರೋಗವನ್ನು ಬಿಟ್ಟು ಕೆರೆಯನ್ನು ಕೊಲ್ಲುತ್ತದೆ.

ಆದ್ದರಿಂದ ಸಲಿಕೆ, ಪೊರಕೆಗಳದ್ದೇ ಮೊದಲ ಸರದಿ. ಹೊಟ್ಟನ್ನು ಬಾಚಿ, ಹಾಸನ್ನು ಎತ್ತಿ ಅಡಿಯ ಕೆಸರನ್ನೂ ಕೆರೆದು, ನೀರು ಸೋಕಿಸದೆಯೇ ತಿಪ್ಪೆಗೆ ಸಾಗಿಸಬೇಕು. ತಿಪ್ಪೆ ಬಾವಿ, ಕಾಲುವೆಗಳಿಂದ ದೂರವಿರಬೇಕು. ಆಮೇಲೆ ಸ್ವಲ್ಪ ಸಾಬೂನು ನೀರು, ಬ್ರಷ್ಷು. ಸೋಂಕುನಿವಾರಕ ಕೊನೆಗೆ, ಅದೂ ಅಳತೆ ಪ್ರಕಾರ ಕಲಸಿ, ತಳ ನೆನೆಯುವಷ್ಟು ಮಾತ್ರ. ಇಷ್ಟೂ ನಡೆಯಬೇಕಾದದ್ದು ಒಳಚರಂಡಿಗೆ ಜೋಡಿಸಿದ, ಜಾಲರಿಯೂ ಮಡ್ಡಿ ಗುಂಡಿಯೂ ಇರುವ ಕಾಂಕ್ರೀಟ್ ಕಟ್ಟೆಯ ಮೇಲೆ. ಪ್ರೆಶರ್ ವಾಷರ್ ಬಗ್ಗೆ ನನಗೆ ಅನುಮಾನವಿದೆ: ನೀರು ಉಳಿಸುತ್ತದೆ ನಿಜ, ಒಣ ಲದ್ದಿಗೆ ಹಿಡಿದರೆ ರೋಗಾಣುಗಳನ್ನು ತುಂತುರಾಗಿಸಿ ಗಾಳಿಗೆ ತೂರುತ್ತದೆ.

ಕೊನೆಯ ಕೆಲಸಕ್ಕೆ ಖರ್ಚೇ ಇಲ್ಲ: ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಲು ಬಿಡುವುದು. ತಪ್ಪುವುದೂ ಅದೇ. ರೇಸಿನ ದಿನಗಳಲ್ಲಿ ಕುದುರೆ ಇಳಿಸಿದ ಲಾರಿ ಗಂಟೆಯೊಳಗೆ ಮುಂದಿನ ಬಾಡಿಗೆಗೆ ಹೊರಡುತ್ತದೆ, ಹಲಗೆ ಇನ್ನೂ ಹಸಿಯಿರುವಾಗಲೇ.