ನೆಲದಡಿ ಏನಿದೆ ಅಂತ ಯಾರು ನೋಡ್ತಾರೆ?

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಸುದ್ದಿ ಬಂದಾಗ ಬೆಂಗಳೂರಿನ ಗೆಳೆಯರೆಲ್ಲ ನನಗೆ ಫೋನ್ ಮಾಡಿದರು. ನಾನು ಶಿರೂರಿನವನು. ಗಾಬರಿಯಲ್ಲಿ ಮನೆಗೆ ಫೋನ್ ಹಚ್ಚಿದರೆ ಅಮ್ಮ, "ನಮ್ಗ್ ಎಂತದೂ ಆಯ್ಲ ಮಗಾ, ಅದ್ ಅಂಕೋಲದ್ ಶಿರೂರ್" ಅಂದಳು. ನಮ್ಮದು ಬೈಂದೂರು ಮತ್ತು ಭಟ್ಕಳದ ನಡುವಿನ ಶಿರೂರು, ಅದು ಗಂಗಾವಳಿ ದಂಡೆಯ ಶಿರೂರು. ಎರಡೂ ಒಂದೇ 66ನೇ ಹೆದ್ದಾರಿಯ ಮೇಲಿವೆ.

ಆ ಕುಸಿತದಲ್ಲಿ ಕಾಣೆಯಾದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, 72ನೇ ದಿನ. ಚಾಲಕ ಅದರೊಳಗೇ ಇದ್ದ. ಅಷ್ಟು ದಿನದಲ್ಲಿ ರಾಡಾರ್ ಬಂತು, ನೌಕಾಪಡೆಯ ಸೋನಾರ್ ಬಂತು, ಮುಳುಗು ಹಾಕುವವರು ಪ್ರಾಣ ಪಣಕ್ಕಿಟ್ಟು ಇಳಿದರು, ಕೊನೆಗೆ ಗೋವಾದಿಂದ ಡ್ರೆಜರ್ ತರಿಸಿದರು. ಲಾರಿ ಇದ್ದದ್ದು ಸುಮಾರು 12 ಮೀಟರ್ ಆಳದಲ್ಲಿ. ಬೆಂಗಳೂರಿನ ಲೆಕ್ಕದಲ್ಲಿ ನಾಲ್ಕು ಮಹಡಿ.

12 ಮೀಟರ್ ರಾಡಿ ನೀರಿಗೇ ನಮ್ಮ ಕಣ್ಣು ಸೋಲುತ್ತದೆ. ಹಾಗಾದರೆ ಸಮುದ್ರದ ತಳದ ಗತಿ ಏನು? ನೆಲದೊಳಗಿನ ಗತಿ ಏನು? ಈ ಪ್ರಶ್ನೆ ಹಿಡಿದು ಹಳೆಯದನ್ನೆಲ್ಲ ಓದುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಮನುಷ್ಯ ಕಾಲಡಿ ಏನಿದೆ ಅಂತ ಬರೀ ಕುತೂಹಲಕ್ಕೆ ನೋಡಿದ್ದು ಕಮ್ಮಿ. ವ್ಯಾಪಾರಕ್ಕೆ ನೋಡಿದ, ಯುದ್ಧಕ್ಕೆ ನೋಡಿದ, ಜನ ಸತ್ತ ಮೇಲೆ ನೋಡಿದ.

ಆಳ ಅಳೆಯಲು ಮೊದಲಿದ್ದದ್ದು ಒಂದು ಹಗ್ಗ, ತುದಿಯಲ್ಲಿ ಸೀಸದ ಗುಂಡು. ಅಳತೆ ನಮ್ಮ ಮಾರು, ಎರಡೂ ಕೈ ಚಾಚಿದಷ್ಟು ಉದ್ದ. ಇಂಗ್ಲಿಷರ ಫ್ಯಾದಮ್ ಕೂಡ ಅದೇ, 6 ಅಡಿ. 1872ರಿಂದ 1876ರವರೆಗೆ ಭೂಮಿ ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗು ಹೀಗೇ ಹಗ್ಗ ಬಿಟ್ಟು ಆಳ ಅಳೆಯಿತು. ಮೂರೂವರೆ ವರ್ಷದಲ್ಲಿ ಆಳ ಸಮುದ್ರದಲ್ಲಿ ಅಳತೆ ಸಿಕ್ಕಿದ್ದು 492 ಕಡೆ. ನಾಲ್ಕು ಕರ್ನಾಟಕದಷ್ಟು ನೆಲವನ್ನು ಒಂದೇ ಬೋರ್‌ವೆಲ್ ಕೊರೆದು ಅರ್ಥ ಮಾಡಿಕೊಂಡ ಹಾಗೆ.

ಆದರೆ ಟೆಲಿಗ್ರಾಫ್ ಕಂಪನಿಗಳಿಗೆ ಅಷ್ಟು ಸಾಕಾಗುತ್ತಿರಲಿಲ್ಲ. 1870ರಲ್ಲಿ ಮುಂಬೈಯಿಂದ ಏಡನ್, ಸೂಯೆಜ್ ದಾರಿಯಾಗಿ ಇಂಗ್ಲೆಂಡಿಗೆ ಸಂದೇಶ ಹೋಗುವ ಹಾಗೆ ನಮ್ಮ ಅರಬ್ಬಿ ಸಮುದ್ರದ ತಳದಲ್ಲಿ ಕೇಬಲ್ ಎಳೆದರು. ತಳದಲ್ಲಿ ಗುಡ್ಡ ಇದೆಯೋ ಕಣಿವೆ ಇದೆಯೋ ಗೊತ್ತಿಲ್ಲದೆ ಕೇಬಲ್ ಬಿಟ್ಟರೆ ಅದು ಜೋತು ಬಿದ್ದು ತುಂಡಾಗುತ್ತದೆ, ಹಣ ನೀರುಪಾಲು. 1912ರಲ್ಲಿ ಟೈಟಾನಿಕ್ ಮುಳುಗಿತು, ಆಮೇಲೆ ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಕಾಟ ಶುರುವಾಯಿತು. ಹಗ್ಗದ ಜಾಗಕ್ಕೆ ಶಬ್ದ ಬಂತು. ನೀರಿಗೆ ಸದ್ದು ಬಿಟ್ಟು, ಪ್ರತಿಧ್ವನಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿದರೆ ಆಳ ಗೊತ್ತಾಯಿತು.

1928ರಿಂದ 1930ರ ನಡುವೆ ಲೋಕ ಸುತ್ತಿದ ಡೆನ್ಮಾರ್ಕಿನ ಡಾನಾ ಹಡಗಿಗೆ ನಮ್ಮ ಹಿಂದೂ ಮಹಾಸಾಗರದಡಿ ಉದ್ದನೆಯ ಬೆಟ್ಟಸಾಲೊಂದು ಸಿಕ್ಕಿತು. ಅದರ ಹೆಸರು ಕಾರ್ಲ್ಸ್‌ಬರ್ಗ್ ಸಾಲು. ಹೌದು, ವೀಕೆಂಡಲ್ಲಿ ನಿಮ್ಮ ಮೇಜಿನ ಮೇಲೆ ಕಾಣುವ ಅದೇ ಕಾರ್ಲ್ಸ್‌ಬರ್ಗ್! ಆ ಯಾತ್ರೆಗೆ ದುಡ್ಡು ಕೊಟ್ಟದ್ದು ಬಿಯರ್ ಕಂಪನಿಯ ಪ್ರತಿಷ್ಠಾನ.

ಈ ಬೆಟ್ಟಸಾಲುಗಳಿಗೂ ಭೂಕಂಪಕ್ಕೂ ಏನು ಸಂಬಂಧ? ಅದು ಕಂಡದ್ದು 1950ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಮೇರಿ ಥಾರ್ಪ್ ಅನ್ನುವ ಹೆಣ್ಣುಮಗಳಿಗೆ. ಹೆಂಗಸು ಅಂತ ಹಡಗು ಹತ್ತಲು ಬಿಡುತ್ತಿರಲಿಲ್ಲ. ಗಂಡಸರು ತಂದ ಅಂಕಿಗಳನ್ನು ಮೇಜಿನ ಮೇಲೆ ಹರಡಿ ಆಕೆ ಅಟ್ಲಾಂಟಿಕ್ ತಳದ ನಕ್ಷೆ ಬರೆದಳು. ಬೆಟ್ಟಸಾಲಿನ ನಡುವೆ ಉದ್ದಕ್ಕೂ ಒಂದು ಸೀಳು ಕಂಡಿತು. ಯಾರೂ ನಂಬಲಿಲ್ಲ. ಪಕ್ಕದ ಮೇಜಿನವನೊಬ್ಬ ಕೇಬಲ್ ಎಲ್ಲಿ ಎಳೆಯಬಹುದು ಅಂತ ನೋಡಲು ಸಮುದ್ರದಡಿಯ ಭೂಕಂಪಗಳನ್ನು ಗುರುತು ಹಾಕುತ್ತಿದ್ದ. ಎರಡು ನಕ್ಷೆ ಒಂದರ ಮೇಲೊಂದು ಇಟ್ಟರೆ, ಭೂಕಂಪಗಳೆಲ್ಲ ಆ ಸೀಳಿನ ಗುಂಟವೇ ಇದ್ದವು. ನೆಲ ಅಲ್ಲಿ ಬಾಯಿ ಬಿಡುತ್ತಿತ್ತು, ಖಂಡಗಳು ದೂರ ಸರಿಯುತ್ತಿದ್ದವು.

ಇದಕ್ಕೆ ನಮ್ಮೂರ ಕಡೆಯ ಸಾಕ್ಷಿ ಬೇಕಾದರೆ ಮಲ್ಪೆಗೆ ಬನ್ನಿ. ಸೇಂಟ್ ಮೇರೀಸ್ ದ್ವೀಪದಲ್ಲಿ ನೀವು ಸೆಲ್ಫಿಗೆ ಒರಗಿ ನಿಲ್ಲುವ ಆ ಕಲ್ಲಿನ ಕಂಬಗಳು ಲಾವಾ ತಣಿದು ಕುಗ್ಗುವಾಗ ಬಿರಿದು ಆದವು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಕಲ್ಲು ಅದು. ಪಾಲಾಗಿ ಬೇರೆ ಮನೆ ಮಾಡಿದ ಅಣ್ಣತಮ್ಮಂದಿರ ನಡುವೆ ಉಳಿದ ಗಡಿಕಲ್ಲು ಅನ್ನಿ.

ನೆಲದೊಳಗೆ ಕಿವಿಯಿಟ್ಟದ್ದು ಇನ್ನೊಂದು ಕಥೆ. 1963ರಲ್ಲಿ ದೊಡ್ಡ ದೇಶಗಳು ಗಾಳಿಯಲ್ಲಿ, ನೀರಲ್ಲಿ ಅಣುಬಾಂಬ್ ಪರೀಕ್ಷೆ ಮಾಡುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡವು. ಉಳಿದದ್ದು ನೆಲದಡಿ. ಕದ್ದು ಸಿಡಿಸಿದರೆ ಪತ್ತೆ ಹಚ್ಚುವುದು ಹೇಗೆ? ಭೂಕಂಪ ಮಾಪಕದಿಂದ. ಬಾಂಬ್ ಎಲ್ಲ ದಿಕ್ಕಿಗೂ ನೆಲವನ್ನು ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಒಂದು ದಿಕ್ಕಿಗೆ ತಳ್ಳಿದರೆ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಹೀಗೆ ಕೇಳಿಸಿಕೊಳ್ಳಲು 1965ರಲ್ಲಿ ನಮ್ಮ ಗೌರಿಬಿದನೂರಿನ ಹೊಲಗಳ ನಡುವೆ, ಬ್ರಿಟನ್ನಿನ ಸಹಕಾರದಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಮಾಪಕಗಳನ್ನು ಹೂತರು. ಜಾಗ ಹಾಳತವಾದ ಗಟ್ಟಿ ಬಂಡೆ, ಸದ್ದುಗದ್ದಲ ಕಮ್ಮಿ. ಮುಂದಿನ ಸಲ ಬೆಂಗಳೂರಿನಿಂದ ಆ ಕಡೆ ಬೈಕ್ ರೈಡ್ ಹೋದಾಗ ನೆನಪಿಟ್ಟುಕೊಳ್ಳಿ. ಬಾಂಬ್ ಹುಡುಕಲು ಹುಟ್ಟಿದ ಇಂಥ ಕಿವಿಗಳಿಂದಲೇ ಜಗತ್ತಿನ ಭೂಕಂಪಗಳ ಲೆಕ್ಕ ಸಿಕ್ಕಿತು.

ಎರಡೇ ವರ್ಷ ಕಳೆದಿತ್ತು. ದಕ್ಷಿಣದ ಪೀಠಭೂಮಿ ಅಲುಗಾಡದ ನೆಲ ಅಂತ ಎಲ್ಲರೂ ನಂಬಿದ್ದರು. 1967ರ ಡಿಸೆಂಬರ್ 11ರ ಬೆಳಗಿನ ಜಾವ ಮಹಾರಾಷ್ಟ್ರದ ಕೊಯ್ನಾದಲ್ಲಿ 6.3ರ ಭೂಕಂಪವಾಗಿ ಸುಮಾರು 180 ಜನ ಸತ್ತರು. ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಅಲ್ಲಿ ಸಣ್ಣ ನಡುಕಗಳು ಶುರುವಾಗಿದ್ದವು. ಇವತ್ತಿಗೂ ನಿಂತಿಲ್ಲ. ಯಾಕೆ ಅಂತ ನೋಡಲು 3 ಕಿ.ಮೀ. ಆಳದ ಬಾವಿ ಕೊರೆದು ಮುಗಿಸಿದ್ದು 2017ರಲ್ಲಿ, ಐವತ್ತು ವರ್ಷದ ನಂತರ.

ಸುನಾಮಿಯದ್ದೂ ಅದೇ ಹಾಡು. ಹೈದರಾಬಾದಿನ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ, 2004ರ ಡಿಸೆಂಬರ್ 26ರಂದು ಸಾವಿರಾರು ಜನ ಕೊಚ್ಚಿಹೋದ ಮೇಲೆ. ಸುನಾಮಿಯ ವೇಗ ನಿರ್ಧಾರವಾಗುವುದು ನೀರಿನ ಆಳದಿಂದ. 4,000 ಮೀಟರ್ ಆಳದಲ್ಲಿ ಗಂಟೆಗೆ 700 ಕಿ.ಮೀ., 10 ಮೀಟರ್ ಆಳದಲ್ಲಿ 36 ಕಿ.ಮೀ. ಅಂದರೆ ದಡದ ಹತ್ತಿರದ ತಳ ಹೇಗಿದೆ ಅನ್ನುವುದು ಗೊತ್ತಿಲ್ಲದೆ, ಯಾವ ಊರಿಗೆ ಎಷ್ಟೊತ್ತಿಗೆ, ಎಷ್ಟೆತ್ತರ ನೀರು ಬರುತ್ತದೆ ಅಂತ ಸರಿಯಾಗಿ ಹೇಳಲಾಗುವುದಿಲ್ಲ.

"ಈಗ ಸ್ಯಾಟಲೈಟ್ ಇದೆಯಲ್ಲ ಮಾರಾಯಾ" ಅಂತ ನೀವು ಕೇಳಬಹುದು. ಸ್ಯಾಟಲೈಟ್ ನೋಡುವುದು ನೀರಿನ ಮೈಯನ್ನು. ತಳದಲ್ಲಿ 2,000 ಮೀಟರ್ ಎತ್ತರದ ಬೆಟ್ಟವಿದ್ದರೆ ಅದರ ಸೆಳೆತಕ್ಕೆ ಮೇಲಿನ ನೀರು ಸುಮಾರು 2 ಮೀಟರ್ ಉಬ್ಬುತ್ತದೆ. ಆ ಉಬ್ಬಿನಿಂದ ತಳವನ್ನು ಅಂದಾಜು ಮಾಡುತ್ತಾರೆ. ಅಂದಾಜು ಅಂದಾಜೇ. 2005ರ ಜನವರಿ 8ರಂದು ಅಮೆರಿಕದ ಅಣು ಜಲಾಂತರ್ಗಾಮಿ ಸ್ಯಾನ್ ಫ್ರಾನ್ಸಿಸ್ಕೋ ತನ್ನ ಚಾರ್ಟಿನಲ್ಲಿ ಇಲ್ಲದ ಬೆಟ್ಟಕ್ಕೆ ಡಿಕ್ಕಿ ಹೊಡೆದು ಒಬ್ಬ ನಾವಿಕ ಸತ್ತ. ಸೋನಾರ್‌ನಿಂದ ಸರಿಯಾಗಿ ಅಳೆದ ಸಮುದ್ರತಳ 2017ರಲ್ಲಿ ಬರೀ 6%. ಸೀಬೆಡ್ 2030 ಅನ್ನುವ ಅಂತಾರಾಷ್ಟ್ರೀಯ ಯೋಜನೆ ಇದನ್ನು 2025ಕ್ಕೆ 27%ಗೆ ತಂದಿದೆ. ಯಾವ ದೋಣಿ ಬೇಕಾದರೂ ಆಳದ ಅಂಕಿ ಕೊಡಬಹುದು ಅಂತ ಅವರು ಕೇಳುತ್ತಾರೆ.

ಇಂಜಿನಿಯರ್ ಬುದ್ಧಿಗೆ ಇದು ಸುಲಭ ಕಂಡಿತು. ನಮ್ಮ ಕಡೆಯ ಬೋಟುಗಳಲ್ಲಿ ಎಕೋ ಸೌಂಡರ್ ಇದೆ, ಜಿಪಿಎಸ್ ಇದೆ. ದಿನಾ ಅಳೆಯುತ್ತಾರೆ, ದಿನಾ ಆ ಡೇಟಾ ಹಾಳಾಗುತ್ತದೆ. ಊರಲ್ಲಿ ಬೋಟಿನವರೊಬ್ಬರ ಹತ್ತಿರ ಈ ಮಾತೆತ್ತಿದೆ. ಅವರ ಜಿಪಿಎಸ್ಸಿನಲ್ಲಿ ಬಲೆ ಹರಿಯುವ ಕಲ್ಲೆಲ್ಲಿ, ಮೀನು ಸೇರುವ ಕಲ್ಲೆಲ್ಲಿ ಅಂತ ವರ್ಷಗಳ ಗುರುತುಗಳಿವೆ. ಅವರು ನಕ್ಕು, "ಅದ್ ಕೊಟ್ರೆ ನಾಳೆ ಅಲ್ಲಿ ಎಲ್ಲ್ರ ಬೋಟೂ ಇರತ್" ಅಂದರು.

ಸರಿಯೇ ಅಲ್ವಾ? ಆ ನಕ್ಷೆ ಅವರ ಅನ್ನ. ಅದನ್ನು ಪುಕ್ಕಟೆ ಕೇಳುವ ಬದಲು, ಅವರ ಮೀನಿನ ಜಾಗ ಬಯಲಾಗದ ಹಾಗೆ ಬರೀ ಆಳವನ್ನು ತೆಗೆದುಕೊಂಡು, ಅದಕ್ಕೆ ಡೀಸೆಲ್ಲಿನ ದುಡ್ಡಾದರೂ ಕೊಡುವ ವ್ಯವಸ್ಥೆ ಮಾಡಬಹುದು. ಕಷ್ಟದ ಸಾಫ್ಟ್‌ವೇರ್ ಏನಲ್ಲ ಅದು. ಮುಂದಿನ ದೊಡ್ಡ ಅಲೆ ಬಂದು ಹೋದ ಮೇಲೆ ಯಾರಾದರೂ ಮಾಡೇ ಮಾಡುತ್ತಾರೆ. ಬರುವ ಮೊದಲು ಮಾಡಬೇಕು, ಅಷ್ಟೇ.