ಸದ್ದಿನ ಕಿವುಡು: ತಾಮ್ರದ ಅಂಗಡಿಯಿಂದ ಅಕ್ಕಿಹೆಬ್ಬಾಳಿನವರೆಗೆ

ಸದ್ದು ಕಿವಿಯನ್ನು ಕೆಡಿಸುತ್ತದೆಂಬ ತಿಳಿವಳಿಕೆ ಮೊದಲು ಬಂದದ್ದು ಕಸುಬುದಾರರಿಂದ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 18ನೆಯ ಶತಮಾನದ ಆರಂಭದಲ್ಲಿಯೇ ತಾಮ್ರ ಬಡಿಯುವವರ ಕಿವುಡನ್ನು ದಾಖಲಿಸಿದ್ದನು. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ 100 ಮಂದಿ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದಾಗ ಅವರಲ್ಲಿ ಒಬ್ಬನ ಶ್ರವಣವೂ ಸಹಜವಾಗಿರಲಿಲ್ಲ.

ಒಳಕಿವಿಯ ಶಂಖದಲ್ಲಿರುವ ರೋಮಕೋಶಗಳು ಸದ್ದಿನ ಹೊಡೆತಕ್ಕೆ ಸಾಯುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಹಾನಿ ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನಲ್ಲಿ. ಮಾತು ಕೇಳಿಸುತ್ತದೆ, ಅಕ್ಷರ ಸ್ಪಷ್ಟವಾಗುವುದಿಲ್ಲ. ಸಂತೆ, ಮದುವೆಮನೆಯಂಥ ಗದ್ದಲದಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಹಲವರಿಗೆ ಕಿವಿಯಲ್ಲಿ ಸದಾ ಗುಂಯ್‌ಗುಡುವಿಕೆ ಇರುತ್ತದೆ. ಮನೆಯವರಿಗೆ ಅರ್ಥವಾಗದ ಸಂಗತಿ ಇನ್ನೊಂದಿದೆ. ‘ಜೋರಾಗಿ ಹೇಳು’ ಎಂದವನೇ ದನಿ ಎತ್ತಿದೊಡನೆ ‘ಕಿರುಚಬೇಡ’ ಎನ್ನುತ್ತಾನೆ. ಇದು ಸಿಡುಕುತನವಲ್ಲ. ರೋಮಕೋಶ ನಷ್ಟವಾದ ಕಿವಿಗೆ ಮೆಲುದನಿ ಮುಟ್ಟುವುದಿಲ್ಲ, ಆದರೆ ದನಿ ಸ್ವಲ್ಪ ಏರಿದರೂ ಅದು ಅಸಹನೀಯವಾಗುತ್ತದೆ. ಇಂಥವರಿಗೆ ಕೊಡುವ ಶ್ರವಣಸಾಧನದಲ್ಲಿ ಗರಿಷ್ಠ ದನಿಗೆ ಮಿತಿ ಹಾಕಬೇಕು. ಸದ್ದಿಗೆ ಹೆದರಿ ದಿನವಿಡೀ ಕಿವಿಗೆ ಹತ್ತಿ ತುರುಕಿಕೊಂಡರೆ ಸೂಕ್ಷ್ಮತೆ ಇನ್ನಷ್ಟು ಹೆಚ್ಚಬಹುದು.

ಭಾರತದಲ್ಲಿ ಶ್ರವಣ ಪರೀಕ್ಷೆ, ಚಿಕಿತ್ಸೆಯ ವಿದ್ಯೆಗೆ ನೆಲೆ ಸಿಕ್ಕಿದ್ದು ಮೈಸೂರಿನಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಕನ್ನಡ ರಂಗಭೂಮಿಯಲ್ಲಿ ಹೆಸರಾದ ನಾಟಕಕಾರ ಎನ್. ರತ್ನ ಅದರ ನಿರ್ದೇಶಕರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಸಂಸ್ಥೆ ಮುಂದೆ ತನ್ನ ಸೇವೆಯನ್ನು ಹಳ್ಳಿಗಳಿಗೂ ಒಯ್ದಿತು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಜೊತೆಗೆ ಕೃಷ್ಣರಾಜಪೇಟೆ ತಾಲ್ಲೂಕಿನ, ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನಲ್ಲಿಯೂ ಅದರ ವಿಸ್ತರಣಾ ಸೇವಾ ಕೇಂದ್ರ ತೆರೆಯಿತು. ಕಿವಿಯ ಪರೀಕ್ಷೆಗೆ ಮೈಸೂರಿನ ಬಸ್ಸು ಹತ್ತಬೇಕಿದ್ದ ರೈತಾಪಿ ಜನರಿಗೆ ಇದು ದೊಡ್ಡ ಅನುಕೂಲ.

ಕಾನೂನು ಮಾತ್ರ ಹಳ್ಳಿಯವರೆಗೆ ಬಂದಿಲ್ಲ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಮಾಡಿದ ತಿದ್ದುಪಡಿಯ ನಂತರ ಸದ್ದಿನ ಕಿವುಡು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಸುಬಿನ ರೋಗವಾಯಿತು. ಆದರೆ 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ ಪ್ರಕಾರ, ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರಿದ್ದರಷ್ಟೇ ಅದು ಕಾರ್ಖಾನೆ ಎನಿಸುತ್ತಿತ್ತು. ನಾಲ್ಕೈದು ಆಳುಗಳ ಅಕ್ಕಿ ಗಿರಣಿ, ಆಲೆಮನೆಯ ಗಾಣ, ಹೊಲದ ಟಿಲ್ಲರ್ ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಇದು ನೆರೆಯವರ ನೆಮ್ಮದಿಗೆ ಸಂಬಂಧಿಸಿದ್ದು. ಯಂತ್ರದ ಪಕ್ಕದಲ್ಲೇ ದಿನವಿಡೀ ನಿಲ್ಲುವವನ ಕಿವಿಯ ಬಗ್ಗೆ ಅಲ್ಲಿ ಮಾತಿಲ್ಲ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿಗಳ ವಿಷಯದಲ್ಲಿಯೂ ಹೀಗೆಯೇ. 2024ರ ಜನವರಿಯಲ್ಲಿ ಹೈಕೋರ್ಟ್ ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ಗಣಿಗಾರಿಕೆಯನ್ನು ತಡೆದದ್ದು ಅಣೆಕಟ್ಟಿನ ಸುರಕ್ಷತೆಗಾಗಿ. ಸಿಡಿಮದ್ದಿನ ಪಕ್ಕದಲ್ಲಿ ಕಲ್ಲು ಒಡೆದವರ ಶ್ರವಣ ಬೇರೆಯದೇ ಪ್ರಶ್ನೆ.

ಹೋದ ಶ್ರವಣವನ್ನು ಔಷಧಿ ಮರಳಿ ತಾರದು, ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಅಕ್ಕಿಹೆಬ್ಬಾಳಿನಂಥ ಕಡೆ ಸೇವಾ ಕೇಂದ್ರ ಊರಲ್ಲೇ ಇರುವಾಗ ಗಿರಣಿ, ಆಲೆಮನೆ, ಕ್ರಷರ್‌ಗಳಲ್ಲಿ ದುಡಿಯುವವರನ್ನೂ ತಮಟೆ ಬಡಿಯುವವರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕರೆಯಬೇಕು, ಅವರ ಕೈಗೆ ಕಿವಿರಕ್ಷಕ ಕೊಡಬೇಕು.